ಮೀಟರ್‌ಗೇಜ್ ಕಾಲದ ಶ್ರೀರಂಗಪಟ್ಟಣಕ್ಕೆ ಗೂಢಚಾರ ಉಪಗ್ರಹದ ಚಿತ್ರ: ಮೂವತ್ತು ಡಾಲರಿಗೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಮಾದರಿ ರೈಲು ಕಟ್ಟುವವರಿಗೆ ಹಳೇ ಎಂಜಿನ್ನಿನ ಫೋಟೋ ಹೇಗೋ ಸಿಕ್ಕಿಬಿಡುತ್ತದೆ. ಸಿಗದೆ ಸತಾಯಿಸುವುದು ನಿಲ್ದಾಣದ ನಕ್ಷೆ. ಲೂಪ್ ಲೈನ್ (ಮುಖ್ಯ ಹಳಿಯಿಂದ ಕವಲೊಡೆದು ಮತ್ತೆ ಅದಕ್ಕೇ ಸೇರುವ ಪಕ್ಕದ ಹಳಿ) ಎಲ್ಲಿ ಒಡೆಯುತ್ತಿತ್ತು, ಗೂಡ್ಸ್ ಶೆಡ್ ಯಾವ ಕಡೆಗಿತ್ತು, ಗೇಟು ಪ್ಲಾಟ್‌ಫಾರ್ಮಿನ ತುದಿಯಿಂದ ಎಷ್ಟು ದೂರ ಎಂದು ಕೇಳಿದರೆ ಊರಿನ ಹಿರಿಯರು ನಾಲ್ಕು ಬಗೆಯಲ್ಲಿ ಹೇಳುತ್ತಾರೆ, ನಾಲ್ಕೂ ಪ್ರೀತಿಯಿಂದಲೇ. ಇಂದಿನ ಗೂಗಲ್ ಚಿತ್ರ ನೋಡಿ ಅಂದಾಜು ಮಾಡೋಣವೆಂದರೆ ಬೆಂಗಳೂರು–ಮೈಸೂರು ದಾರಿ 1990ರ ದಶಕದಲ್ಲಿ ಬ್ರಾಡ್‌ಗೇಜ್ ಆಯಿತು, ಆಮೇಲೆ ಜೋಡಿ ಹಳಿ ಬಂತು, ವಿದ್ಯುತ್ ತಂತಿಯೂ ಬಂತು. ಒಂದು ಮೀಟರ್ ಅಗಲದ ಆ ಹಳೇ ಒಂಟಿ ಮೀಟರ್‌ಗೇಜ್ ಹಳಿಯ ಗುರುತು ಬಹುಪಾಲು ಅಳಿಸಿಹೋಗಿದೆ.

ಈ ತೂತು ಮುಚ್ಚಲು ಒಂದು ವಿಚಿತ್ರ ಜಾಗದಿಂದ ಸಹಾಯ ಸಿಗುತ್ತದೆ: ಅಮೆರಿಕದ ಭೂಗರ್ಭ ಸರ್ವೇಕ್ಷಣೆ ಸಂಸ್ಥೆ, ಅಂದರೆ ಯುಎಸ್‌ಜಿಎಸ್, ನಡೆಸುವ ‘ಅರ್ಥ್ ಎಕ್ಸ್‌ಪ್ಲೋರರ್’ ತಾಣ. 1960ರಿಂದ 1972ರವರೆಗೆ ಅಮೆರಿಕದ ಗೂಢಚಾರ ಉಪಗ್ರಹಗಳು ಫಿಲ್ಮಿನ ಮೇಲೆ ತೆಗೆದ ಚಿತ್ರಗಳನ್ನು 1995ರ ಫೆಬ್ರವರಿಯಲ್ಲಿ ಸಾರ್ವಜನಿಕಗೊಳಿಸಿದರು. ಎಂಟು ಲಕ್ಷಕ್ಕೂ ಹೆಚ್ಚು ಚಿತ್ರಗಳು. ಯೋಜನೆಯ ಹೆಸರು ಕರೋನಾ. (ಬರೀ ಆ ಹೆಸರು ಹಾಕಿ ಹುಡುಕಿದರೆ ಬರುವುದು ಬೇರೆಯೇ. ‘ಕೆಎಚ್-4’ ಎಂಬ ಕ್ಯಾಮೆರಾ ಸರಣಿಯ ಹೆಸರನ್ನೂ ಸೇರಿಸಿ.) ಸೋವಿಯತ್ ಕ್ಷಿಪಣಿ ನೆಲೆಗಳನ್ನು ಹುಡುಕಲು ಹೊರಟ ಕ್ಯಾಮೆರಾ ದಾರಿಯಲ್ಲಿ ನಮ್ಮ ಊರುಗಳನ್ನೂ ಹಿಡಿದಿಟ್ಟುಕೊಂಡಿತು.

ತೀರ್ಪನ್ನು ಮೊದಲೇ ಹೇಳಿಬಿಡುವುದು ಮೇಲು. ‘ಎಲ್ಲಿ ಏನಿತ್ತು’ ಎಂಬ ಪ್ರಶ್ನೆಗೆ ಮನೆಯಲ್ಲಿ ಕೂತು ಪಡೆಯಬಹುದಾದ ಅತ್ಯುತ್ತಮ ಉತ್ತರ ಇದು. ‘ಅದು ಹೇಗಿತ್ತು’ ಎಂಬುದಕ್ಕೆ ಇಲ್ಲಿ ಉತ್ತರವೇ ಇಲ್ಲ. ಈ ಎರಡನ್ನೂ ಒಂದೇ ಚಿತ್ರದಿಂದ ನಿರೀಕ್ಷಿಸಿ ಹಣ ಕೊಟ್ಟವರು ಬೈದುಕೊಳ್ಳುವುದು ಖಂಡಿತ.

ಶ್ರೀರಂಗಪಟ್ಟಣವನ್ನೇ ಉದಾಹರಣೆಗೆ ತೆಗೆದುಕೊಳ್ಳಲು ಕಾರಣವಿದೆ. ಎರಡು ಕವಲಾದ ಕಾವೇರಿ, ಎರಡು ಸೇತುವೆ, ಕೋಟೆಗೋಡೆ ಸೀಳಿಕೊಂಡು ಸಾಗುವ ಹಳಿ, ನಡುವೆ ಪುಟ್ಟ ನಿಲ್ದಾಣ. ಲೇಔಟಿಗೆ, ಅಂದರೆ ಹಲಗೆಯ ಮೇಲೆ ಕಟ್ಟುವ ಮಾದರಿ ದೃಶ್ಯಕ್ಕೆ, ಇದಕ್ಕಿಂತ ಸಹಜವಾದ ಚೌಕಟ್ಟು ಬೇಕಿಲ್ಲ. ಗಾಡಿ ಒಂದು ಹೊಳೆ ದಾಟಿ ಬಂದು ಇನ್ನೊಂದು ಹೊಳೆ ದಾಟಿ ಹೋದರೆ ದೃಶ್ಯ ಮುಗಿಯಿತು. ಇನ್ನೊಂದು ಕಾರಣ ತಂತ್ರಕ್ಕೆ ಸಂಬಂಧಿಸಿದ್ದು, ಅದು ಮುಂದೆ ಬರುತ್ತದೆ.

ಹುಡುಕುವುದು ಹೇಗೆ? ತಾಣದಲ್ಲಿ ಉಚಿತ ಖಾತೆ ತೆರೆಯಬೇಕು, ಇಲ್ಲದಿದ್ದರೆ ಡೌನ್‌ಲೋಡ್ ಗುಂಡಿ ಕೆಲಸ ಮಾಡದು. ‘ಸರ್ಚ್ ಕ್ರೈಟೀರಿಯಾ’ ಪುಟದಲ್ಲಿ ಅಕ್ಷಾಂಶ 12.42, ರೇಖಾಂಶ 76.69 ಕೊಡಿ. ಆದರೆ ಒಂದೇ ಚುಕ್ಕಿ ಇಟ್ಟು ಹುಡುಕಬೇಡಿ. ಪ್ರತಿ ಚಿತ್ರದ ನಾಲ್ಕು ಮೂಲೆಗಳ ಸ್ಥಾನವನ್ನು ಉಪಗ್ರಹದ ಕಕ್ಷೆಯಿಂದ ಅಂದಾಜಿಗೆ ಲೆಕ್ಕ ಹಾಕಿದ್ದಾರೆ. ಅದು ಕೆಲವು ಕಿಲೋಮೀಟರ್ ಆಚೀಚೆ ಆಗಿರುತ್ತದೆ. ಪಟ್ಟಿಯಲ್ಲಿ ಬಂದ ಚಿತ್ರದಲ್ಲಿ ಊರೇ ಇಲ್ಲದಿರಬಹುದು, ಪಟ್ಟಿಗೆ ಬಾರದ ಪಕ್ಕದ ಚಿತ್ರದಲ್ಲಿ ಇರಬಹುದು. ಊರಿನ ಸುತ್ತ ಹತ್ತು ಕಿಲೋಮೀಟರ್ ಅಗಲದ ಚೌಕ ಎಳೆದು ಹುಡುಕಿದರೆ ಈ ತಾಪತ್ರಯ ಇಲ್ಲ. ನಂತರ ‘ಡೇಟಾ ಸೆಟ್ಸ್’ನಲ್ಲಿ ‘ಡಿಕ್ಲಾಸಿಫೈಡ್ ಡೇಟಾ’ ತೆರೆದರೆ ಮೂರು ಹೆಸರು ಕಾಣುತ್ತವೆ: ಡಿಕ್ಲಾಸ್ 1, 2, 3. ಕರೋನಾ ಇರುವುದು ಒಂದನೆಯದರಲ್ಲಿ.

ಫಲಿತಾಂಶದಲ್ಲಿ ಚಿತ್ರದ ಗುರುತಿನ ಸಂಖ್ಯೆಯನ್ನು ಓದಲು ಕಲಿತರೆ ಅರ್ಧ ಕೆಲಸ ಮುಗಿದಂತೆ. ‘ಡಿಎಸ್’ ಅಕ್ಷರಗಳ ನಂತರ ಬರುವ ನಾಲ್ಕು ಅಂಕಿ ಯಾನದ ಸಂಖ್ಯೆ. 1101ರಿಂದ 1117ರವರೆಗಿನವು ಕೆಎಚ್-4ಬಿ, 1967ರಿಂದ 1972ರ ನಡುವಿನವು, ಈ ಸರಣಿಯಲ್ಲೇ ಅತ್ಯಂತ ಸ್ಪಷ್ಟವಾದವು. ಹತ್ತು ನೂರರ ಮೇಲೆ ಶುರುವಾಗಿ 1052ರವರೆಗಿನವು ಕೆಎಚ್-4ಎ. ಕೊನೆಯ ಮೂರು ಅಂಕಿಗಿಂತ ಮೊದಲು ‘ಎಫ್’ ಇದ್ದರೆ ಮುಂದಕ್ಕೆ ಬಾಗಿದ ಕ್ಯಾಮೆರಾ, ‘ಎ’ ಇದ್ದರೆ ಹಿಂದಕ್ಕೆ ಬಾಗಿದ್ದು. ಸಾಧ್ಯವಾದರೆ 11ರಿಂದ ಶುರುವಾಗುವ ಚಿತ್ರವನ್ನೇ ಹಿಡಿಯಿರಿ.

ಯಾಕೆಂದರೆ ಲೆಕ್ಕ ಹೀಗಿದೆ. ಕೆಎಚ್-4ಬಿ ಫಿಲ್ಮಿನ ಅಳತೆ ಸುಮಾರು 1:2,47,500. ಇದನ್ನು 7 ಮೈಕ್ರಾನ್‌ಗೆ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಸ್ಕ್ಯಾನ್ ಮಾಡಿದರೆ ಒಂದು ಪಿಕ್ಸೆಲ್ ನೆಲದ ಮೇಲೆ ಸುಮಾರು 1.7 ಮೀಟರ್. ಕ್ಯಾಮೆರಾದ ಸಾಮರ್ಥ್ಯವೂ ಹೆಚ್ಚುಕಡಿಮೆ ಅಷ್ಟೇ, 1.8 ಮೀಟರ್. ಕೆಎಚ್-4ಎ ಆದರೆ 2.7 ಮೀಟರ್. ಈ 1.8 ಮೀಟರನ್ನು 1:87ರ ಎಚ್‌ಓ ಎಂಬ ಮಾದರಿ ರೈಲಿನ ಅಳತೆಗೆ ಇಳಿಸಿದರೆ ಹಲಗೆಯ ಮೇಲೆ 2 ಸೆಂಟಿಮೀಟರ್. 1:160ರ ಎನ್ ಅಳತೆಯಲ್ಲಿ 11 ಮಿಲಿಮೀಟರ್. ಅಂದರೆ ನಿಮ್ಮ ಲೇಔಟಿನಲ್ಲಿ ಪ್ರತಿ ಕಟ್ಟಡವನ್ನೂ ಎರಡು ಬೆರಳಗಲದ ಒಳಗೆ ಸರಿಯಾದ ಜಾಗದಲ್ಲಿ ಕೂರಿಸಬಹುದು. ಇದಕ್ಕಿಂತ ಹೆಚ್ಚು ನಿಖರತೆ ಮಾದರಿಗಾರನಿಗೆ ಬೇಕಿಲ್ಲ, ಯಾರ್ಡನ್ನು (ನಿಲ್ದಾಣದ ಹಳಿಗಳ ಅಂಗಳ) ಹೇಗೂ ಕುಗ್ಗಿಸಲೇಬೇಕಲ್ಲ. 700 ಮೀಟರ್ ಯಾರ್ಡು ಎಚ್‌ಓದಲ್ಲಿ ಪೂರ್ತಿಯಾಗಿ ಬಂದರೆ 8 ಮೀಟರ್ ಹಲಗೆ ಬೇಕು. ಮನೆಯಲ್ಲಿ ಯಾರಿಗಿದೆ ಅಷ್ಟು ಗೋಡೆ?

ಹಳಿಗಳ ವಿಷಯಕ್ಕೆ ಬಂದರೆ ಮಾತ್ರ ಇದೇ 1.8 ಮೀಟರ್ ಕಾಲು ಎಳೆಯುತ್ತದೆ. ಹಳಿಯೇ ಕಾಣುವುದಿಲ್ಲ, ಕಾಣುವುದು ಜಲ್ಲಿಯ ಪಟ್ಟಿ. ಮೀಟರ್‌ಗೇಜ್‌ನಲ್ಲಿ ಎರಡು ಹಳಿದಾರಿಗಳ ನಡುಗೆರೆಗಳ ಅಂತರ ಕನಿಷ್ಠ 3.96 ಮೀಟರ್, ಅಂದರೆ ಎರಡು ಪಿಕ್ಸೆಲ್ ಚಿಲ್ಲರೆ. ಯಾರ್ಡಿನಲ್ಲಿ ಮೂರು ಹಳಿದಾರಿ ಇದ್ದರೆ ಒಂದು ದಪ್ಪ ಬೂದು ಪಟ್ಟಿಯಂತೆ ಕಂಡೀತು, ಬಿಡಿಬಿಡಿಯಾಗಿ ಎಣಿಸಲಾಗದು. ಎಣಿಸಲು ಒಂದು ಉಪಾಯವಿದೆ: ಪಟ್ಟಿಯ ಒಟ್ಟು ಅಗಲ ಅಳೆದು ಅಂಚಿನ ಜಲ್ಲಿಗೆ ಎರಡೂ ಕಡೆ ಸೇರಿ 4 ಮೀಟರ್ ಕಳೆದು, ಉಳಿದದ್ದನ್ನು 4ರಿಂದ ಭಾಗಿಸಿ ಒಂದು ಕೂಡಿಸಿ. ಪಟ್ಟಿ 12 ಮೀಟರ್ ಬಂದರೆ ಮೂರು ದಾರಿ. ಪ್ಲಾಟ್‌ಫಾರ್ಮನ್ನು ಈ ಅಗಲದಲ್ಲಿ ಸೇರಿಸಿಕೊಳ್ಳಬೇಡಿ, ತಪ್ಪುವುದು ಅಲ್ಲೇ. ಸುಣ್ಣ ಬಳಿದ ಅಂಚು ಬಿಸಿಲಿಗೆ ಹೊಳೆದು ಇನ್ನೊಂದು ಹಳಿದಾರಿಯ ಹಾಗೆ ಮೋಸ ಮಾಡುತ್ತದೆ. ಪಾಯಿಂಟ್ಸ್, ಅಂದರೆ ಒಂದು ಹಳಿದಾರಿ ಎರಡಾಗುವ ಜೋಡಣೆ, ಎಲ್ಲಿತ್ತೆಂದು ತಿಳಿಯಲು ಪಟ್ಟಿ ಎಲ್ಲಿ ದಪ್ಪವಾಗಲು ಶುರುವಾಗುತ್ತದೆ ಎಂದು ನೋಡಿ, ಅಲ್ಲಿಂದ ಹತ್ತಿಪ್ಪತ್ತು ಮೀಟರ್ ಹಿಂದೆ ಗುರುತು ಹಾಕಿ. ಎರಡು ದಾರಿ ಬೇರೆಯಾದದ್ದು ಚಿತ್ರಕ್ಕೆ ತಡವಾಗಿಯೇ ತಿಳಿಯುವುದು.

ಮೀಟರ್‌ಗೇಜ್‌ನ ಉಗಿ ಎಂಜಿನ್ ವೈಪಿ, ಕಲ್ಲಿದ್ದಲು-ನೀರು ಹೊರುವ ಟೆಂಡರ್ ಸಮೇತ, ಸುಮಾರು 19 ಮೀಟರ್. ಹಿಂದೆ ಎಂಟು ಬೋಗಿ ಇದ್ದರೆ ಇಡೀ ಗಾಡಿ 180 ಮೀಟರ್ ಆಸುಪಾಸು, ನೂರು ಪಿಕ್ಸೆಲ್ ಉದ್ದದ ಕಪ್ಪು ಗೆರೆ. ಚಿತ್ರದಲ್ಲಿ ನಿಂತ ಗಾಡಿ ಸಿಕ್ಕಿದರೆ ಪುಣ್ಯ; ಎಷ್ಟು ಬೋಗಿ ಎಂದು ಉದ್ದದಿಂದಲೇ ಲೆಕ್ಕ ಹಾಕಬಹುದು. ಇದೇ ಗಾಡಿ ಎಚ್‌ಓದಲ್ಲಿ ಎರಡು ಮೀಟರ್. ನಿಮ್ಮ ಲೂಪು ಅದಕ್ಕಿಂತ ಗಿಡ್ಡವಾದರೆ ಬೋಗಿ ಕಡಿಮೆ ಮಾಡಬೇಕೇ ಹೊರತು ಗಾಡಿಯನ್ನು ಪಾಯಿಂಟ್ಸ್ ಮೇಲೆ ಚಾಚಿಸಿ ನಿಲ್ಲಿಸಬೇಡಿ.

ಯಾವ ತಿಂಗಳ ಚಿತ್ರ ಬೇಕು? ಜೂನ್‌ನಿಂದ ಸೆಪ್ಟೆಂಬರ್‌ವರೆಗಿನವನ್ನು ನೋಡುವುದೇ ದಂಡ, ಮೋಡವೇ ಮೋಡ. ನವೆಂಬರ್‌ನಿಂದ ಫೆಬ್ರವರಿಯವರೆಗೆ ಮಂಡ್ಯದ ಕಡೆ ಗದ್ದೆ, ಕಬ್ಬು ಹಸಿರಾಗಿದ್ದು ಕಪ್ಪಾಗಿ ಬೀಳುತ್ತವೆ. ನಡುವೆ ರೈಲ್ವೆ ಏರಿ ಬೆಳ್ಳಗೆ ಎದ್ದು ಕಾಣುತ್ತದೆ. ಏಪ್ರಿಲ್‌ನಲ್ಲಿ ನೆಲವೂ ಬೆಳ್ಳಗೆ, ಏರಿಯೂ ಬೆಳ್ಳಗೆ. ಆದರೆ ಹೊಳೆಯ ಬಂಡೆಗಳನ್ನು ಮಾದರಿಯಲ್ಲಿ ಸರಿಯಾಗಿ ಕೂರಿಸಬೇಕೆಂದರೆ ಅದೇ ಬೇಸಿಗೆಯ ಚಿತ್ರ ಬೇಕು, ನೀರು ಇಳಿದಿರುತ್ತದೆ. ಎರಡು ಋತುವಿನ ಎರಡು ಚಿತ್ರ ತೆಗೆದುಕೊಳ್ಳುವುದು ದುಂದುವೆಚ್ಚವಲ್ಲ.

ಬೆಲೆಯ ಪದ್ಧತಿ ಮೆಚ್ಚುವಂಥದ್ದು. ಯಾರೋ ಈಗಾಗಲೇ ಸ್ಕ್ಯಾನ್ ಮಾಡಿಸಿದ ಚಿತ್ರವಾದರೆ ಎಲ್ಲರಿಗೂ ಉಚಿತ. ಮಾಡಿಸಿಲ್ಲದಿದ್ದರೆ ಚಿತ್ರವೊಂದಕ್ಕೆ 30 ಡಾಲರ್. ನೀವು ಕೊಟ್ಟ ನಂತರ ಅದು ಮುಂದಿನವರಿಗೆ ಪುಕ್ಕಟೆ. ‘ಅಡಿಷನಲ್ ಕ್ರೈಟೀರಿಯಾ’ದಲ್ಲಿ ‘ಡೌನ್‌ಲೋಡ್ ಅವೈಲಬಲ್’ ಎಂಬಲ್ಲಿ ‘ಯೆಸ್’ ಕೊಟ್ಟು ಮೊದಲು ಉಚಿತವಾದವನ್ನೇ ಜಾಲಾಡಿ. ಹಣ ಕೊಡುವ ಮುನ್ನ ಚಿಕ್ಕ ಮುನ್ನೋಟವನ್ನು ಎರಡೆರಡು ಸಲ ನೋಡಿ. ಅದು ಮಸುಕಾಗಿರುತ್ತದೆ, ಆದರೆ ಕಾವೇರಿಯ ಕವಲು ಮತ್ತು ದ್ವೀಪದ ಆಕಾರ ಗೊತ್ತಾಗುತ್ತದೆ. ಮೋಡದ ಚುಕ್ಕೆ ದ್ವೀಪದ ಮೇಲೇ ಕೂತಿದೆಯೋ ಎಂಬುದೂ ಗೊತ್ತಾಗುತ್ತದೆ. ಇನ್ನೊಂದು: ಕೆಎಚ್-4ಬಿ ಚಿತ್ರವೊಂದು ನೆಲದ ಮೇಲೆ ಸುಮಾರು 14 ಕಿ.ಮೀ. ಅಗಲ, 188 ಕಿ.ಮೀ. ಉದ್ದದ ರಿಬ್ಬನ್ನು. ಕ್ಯಾಮೆರಾ ಒಂದು ಬದಿಯಿಂದ ಇನ್ನೊಂದು ಬದಿಗೆ ತಿರುಗುತ್ತಾ ತೆಗೆದದ್ದರಿಂದ ರಿಬ್ಬನ್ನಿನ ಎರಡು ತುದಿಗಳಲ್ಲಿ ನೆಲ ಓರೆಯಾಗಿ, ಮಂಕಾಗಿ ಬೀಳುತ್ತದೆ. ನಿಮ್ಮ ಊರು ಮಧ್ಯದ ಅರ್ಧದಲ್ಲಿ ಬಂದಿದ್ದರೆ ಮಾತ್ರ ಹಣ ಹಾಕಿ.

ಬರುವ ಕಡತ ನಾಲ್ಕು ತುಂಡು: ಎ, ಬಿ, ಸಿ, ಡಿ. ಒಂದೊಂದೂ ಕೆಲವು ನೂರು ಎಂಬಿ. ಹಳೇ ಲ್ಯಾಪ್‌ಟಾಪಿನಲ್ಲಿ ನಾಲ್ಕನ್ನೂ ಒಟ್ಟಿಗೆ ತೆರೆದರೆ ಅದು ಉಸಿರು ಬಿಡುತ್ತದೆ. ಊರಿರುವ ತುಂಡನ್ನು ಮಾತ್ರ ತೆರೆದು 3000 ಪಿಕ್ಸೆಲ್ ಚೌಕ ಕತ್ತರಿಸಿಕೊಂಡು ಉಳಿದದ್ದನ್ನು ಮುಚ್ಚಿಬಿಡಿ. ಉತ್ತರ ದಿಕ್ಕು ಮೇಲೇ ಇರುತ್ತದೆಂದು ನಂಬಬೇಡಿ. ದ್ವೀಪ ತಲೆಕೆಳಗಾಗಿ ಕಂಡರೆ ಗಾಬರಿಯೂ ಬೇಡ, 180 ಡಿಗ್ರಿ ತಿರುಗಿಸಿ.

ಇನ್ನು ಜೋಡಣೆ. ಚಿತ್ರಕ್ಕೆ ಸ್ಥಾನದ ಮಾಹಿತಿ ಇಲ್ಲ, ಓರೆಕೋರೆಯೂ ಇದೆ. ಉಚಿತವಾಗಿ ಸಿಗುವ ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದ ‘ಜಿಯೊರೆಫರೆನ್ಸರ್’ನಲ್ಲಿ ಹಳೇ ಚಿತ್ರದ ಒಂದೊಂದು ಬಿಂದುವನ್ನು ಇಂದಿನ ಉಪಗ್ರಹ ಚಿತ್ರದ ಅದೇ ಬಿಂದುವಿಗೆ ಗಂಟು ಹಾಕಬೇಕು. ನಿರ್ದೇಶಾಂಕ ಪದ್ಧತಿ ಇಪಿಎಸ್‌ಜಿ 32643, ವಿಧಾನ ‘ಥಿನ್ ಪ್ಲೇಟ್ ಸ್ಪ್ಲೈನ್’ (ಚಿತ್ರವನ್ನು ರಬ್ಬರ್ ಹಾಳೆಯಂತೆ ಎಳೆದು ಬಿಂದುಗಳಿಗೆ ಕೂರಿಸುವುದು), ಬಿಂದುಗಳು 12ರಿಂದ 15, ಎಲ್ಲವೂ ನಿಲ್ದಾಣದಿಂದ ಮೂರು ನಾಲ್ಕು ಕಿಲೋಮೀಟರ್ ಒಳಗೆ, ಸುತ್ತಲೂ ಹರಡಿರುವಂತೆ. ಒಂದೇ ಕಡೆ ಗುಂಪಾಗಿಟ್ಟರೆ ಆಚೆ ಕಡೆ ಹಳಿ ಬಾಳೆಹಣ್ಣಿನ ಹಾಗೆ ಬಾಗುತ್ತದೆ. ಈ ವಿಧಾನದಲ್ಲಿ ತಪ್ಪಿನ ಅಂಕಿ ಸೊನ್ನೆ ಎಂದೇ ತೋರುತ್ತದೆ, ಅದನ್ನು ನಂಬಿ ಮೋಸಹೋಗಬೇಡಿ. ಮೂರು ಬಿಂದುಗಳನ್ನು ಜೋಡಣೆಗೆ ಬಳಸದೆ ಪಕ್ಕಕ್ಕಿಟ್ಟು, ಆಮೇಲೆ ಅವು ಎಷ್ಟು ತಪ್ಪಿವೆ ನೋಡಿ. ನಾಲ್ಕು ಮೀಟರಿಗಿಂತ ಹೆಚ್ಚಾದರೆ ಮತ್ತೆ ಮಾಡಿ.

ಶ್ರೀರಂಗಪಟ್ಟಣ ಆರಿಸಿದ ಎರಡನೇ ಕಾರಣ ಈಗ ಬಂತು. ಐವತ್ತು ಅರವತ್ತು ವರ್ಷದಲ್ಲಿ ಕದಲದ ಬಿಂದುಗಳು ಸಾಮಾನ್ಯ ಊರಿನಲ್ಲಿ ಸಿಗುವುದೇ ಕಷ್ಟ. ಇಲ್ಲಿ ಕೋಟೆಯ ಕೊತ್ತಳದ ಮೂಲೆಗಳಿವೆ, ರಂಗನಾಥಸ್ವಾಮಿ ದೇವಾಲಯದ ಪ್ರಾಕಾರವಿದೆ, 1804ರಲ್ಲಿ ಮುಗಿದ ವೆಲ್ಲೆಸ್ಲಿ ಸೇತುವೆಯ ಎರಡು ತುದಿಗಳಿವೆ. ಹೊಳೆಯ ದಂಡೆಯನ್ನು ಮುಟ್ಟಬೇಡಿ, ನೀರು ಏರಿದಂತೆ ಇಳಿದಂತೆ ದಂಡೆ ಸರಿಯುತ್ತದೆ. ಗೋಪುರದ ತುದಿಯೂ ಬೇಡ. ಕ್ಯಾಮೆರಾ ಓರೆಯಾದ್ದರಿಂದ ಎತ್ತರದ ವಸ್ತುವಿನ ನೆತ್ತಿ ಬುಡದಿಂದ ಪಕ್ಕಕ್ಕೆ ಬಿದ್ದಿರುತ್ತದೆ. ಎಲ್ಲಕ್ಕಿಂತ ದೊಡ್ಡ ಬಲೆ ನಿಲ್ದಾಣದ ಹತ್ತಿರವೇ ಇದೆ: ಟಿಪ್ಪು ಕಾಲದ ಶಸ್ತ್ರಾಗಾರಗಳಲ್ಲಿ ಒಂದು. ಇನ್ನೂರು ವರ್ಷದ ಹಳೇ ಕಟ್ಟಡ, ಕದಲದ ಬಿಂದು ಅಂದರೆ ಇದೇ ಅನ್ನಿಸುತ್ತದೆ. ಆದರೆ ಜೋಡಿ ಹಳಿಗೆ ಅಡ್ಡ ಬಂದಿತೆಂದು 2017ರಲ್ಲಿ ಅದನ್ನು ಇಡಿಯಾಗಿ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿದ್ದಾರೆ. ಅದನ್ನು ಗಂಟು ಹಾಕಿದರೆ ಇಡೀ ಯಾರ್ಡು ಎಚ್‌ಓ ಹಲಗೆಯಲ್ಲಿ ಒಂದು ಮೀಟರಿಗೂ ಹೆಚ್ಚು ಜಾರುತ್ತದೆ. ಅದೇ ಕಾರಣಕ್ಕೆ 1967–72ರ ಲೇಔಟಿನಲ್ಲಿ ಶಸ್ತ್ರಾಗಾರವನ್ನು ಹಳೇ ಜಾಗದಲ್ಲಿ ಇಟ್ಟು ತೋರಿಸುವುದು ಬಲ್ಲವರ ಕಣ್ಣಿಗೆ ಹಬ್ಬ.

ಎತ್ತರ ಅಳೆಯಲು ಎರಡು ದಾರಿ. ಎಫ್ ಮತ್ತು ಎ ಕ್ಯಾಮೆರಾಗಳ ನಡುವೆ 30 ಡಿಗ್ರಿ ಅಂತರವಿದೆ, ಎರಡನ್ನೂ ಕೆಂಪು-ನೀಲಿ ಕನ್ನಡಕದಲ್ಲಿ ಸೇರಿಸಿ ನೋಡಿದರೆ ಕೋಟೆಗೋಡೆ ಎದ್ದು ನಿಲ್ಲುತ್ತದೆ. ನೋಡಲು ಸೊಗಸು, ಅಳೆಯಲು ಅಷ್ಟಕ್ಕಷ್ಟೆ. ಒಂದು ಪಿಕ್ಸೆಲ್ ವ್ಯತ್ಯಾಸ ಸುಮಾರು 3.3 ಮೀಟರ್ ಎತ್ತರಕ್ಕೆ ಸಮ. ಮೂರು ಮೀಟರ್ ಏರಿ ಇದರಲ್ಲಿ ಸಿಕ್ಕಿಬೀಳುವುದಿಲ್ಲ. ನೆರಳು ಇದಕ್ಕಿಂತ ಪರವಾಗಿಲ್ಲ. ಎತ್ತರ ಗೊತ್ತಿರುವ ಯಾವುದಾದರೂ ಹಳೇ ಕಟ್ಟಡದ ನೆರಳನ್ನು ಮೊದಲು ಅಳೆದು ಆ ಅನುಪಾತವನ್ನೇ ನೀರಿನ ತೊಟ್ಟಿಗೂ ಹಾಕಿ. ಸೂರ್ಯ 40 ಡಿಗ್ರಿಯಲ್ಲಿದ್ದರೆ 12 ಮೀಟರ್ ನೆರಳು ಬೀಳಿಸುವ ತೊಟ್ಟಿ 10 ಮೀಟರ್ ಎತ್ತರ. ಸೇತುವೆಯ ಕಂಬ ಎಣಿಸಲೂ ನೆರಳೇ ಆಧಾರ: ಕಂಬದಿಂದ ಕಂಬಕ್ಕೆ 18 ಮೀಟರ್ ಇದ್ದರೆ ಪ್ರತಿ ಹತ್ತು ಪಿಕ್ಸೆಲ್‌ಗೆ ಒಂದು ಕಪ್ಪು ಚುಕ್ಕೆ ಬೀಳಬೇಕು. ನೀರು ತುಂಬಿದ ಚಿತ್ರದಲ್ಲಿ ಕಪ್ಪು ನೀರಿನ ಮೇಲೆ ಕಪ್ಪು ನೆರಳು, ಏನೂ ಕಾಣದು. ಬೇಸಿಗೆಯ ಚಿತ್ರ ಮತ್ತೆ ಇಲ್ಲಿ ಗೆಲ್ಲುತ್ತದೆ.

ಡಿಕ್ಲಾಸ್ 3ರ ಬಗ್ಗೆ ಎರಡು ಮಾತು. ಅದರಲ್ಲಿರುವುದು ಕರೋನಾ ನಂತರದ ಗೂಢಚಾರ ಉಪಗ್ರಹ ಕೆಎಚ್-9 ಹೆಕ್ಸಗನ್, 1971ರಿಂದ 1984ರವರೆಗಿನದು, 0.6ರಿಂದ 1.2 ಮೀಟರ್ ಸ್ಪಷ್ಟತೆ. ಹಳಿದಾರಿ ಬಿಡಿಸಿ ಎಣಿಸಬೇಕೆಂದರೆ ಇದೇ ಸರಿ. 1979ರಲ್ಲಿ ತೆರೆದ ಹಾಸನ–ಮಂಗಳೂರು ಘಾಟಿ ದಾರಿ ಕಟ್ಟುವವರಿಗೂ ಇದೇ ಗತಿ, ಕರೋನಾ ಅಷ್ಟರಲ್ಲಿ ನಿಂತಿತ್ತು. ಡಿಕ್ಲಾಸ್ 2ರಲ್ಲಿರುವ ಕೆಎಚ್-9 ನಕ್ಷೆ ಕ್ಯಾಮೆರಾದ ಚಿತ್ರಗಳಿಗೆ ಮಾತ್ರ ಕಾಸು ಕೊಡಬೇಡಿ. 6 ಮೀಟರ್ ಮೇಲಿನ ಸ್ಪಷ್ಟತೆಯಲ್ಲಿ ನಿಲ್ದಾಣ ಒಂದು ಕಲೆಯಷ್ಟೇ. ಸರ್ವೇ ಆಫ್ ಇಂಡಿಯಾದ ಹಳೇ ಟೋಪೋಶೀಟು (ನೆಲದ ಏರಿಳಿತ ತೋರಿಸುವ ನಕ್ಷೆ), ಇಲ್ಲಿಗೆ 57ಡಿ/11 ಸಂಖ್ಯೆಯದು, ಪೂರಕವಾಗಿ ಒಳ್ಳೆಯದು: ಏರಿ, ಕಡಿತ, ಕಾಲುವೆ ದಾಟುವ ಮೋರಿ ಎಲ್ಲ ಗುರುತಿಸಿರುತ್ತಾರೆ. ಆದರೆ 1:50,000ರಲ್ಲಿ ಒಂದು ಮಿಲಿಮೀಟರ್ ಅಂದರೆ ಎಚ್‌ಓ ಹಲಗೆಯಲ್ಲಿ 57 ಸೆಂಟಿಮೀಟರ್. ಯಾರ್ಡಿನ ನಕ್ಷೆಗೆ ಅದನ್ನು ನೆಚ್ಚಬೇಡಿ.

ಚಿತ್ರ ಹೇಳದೆ ಬಿಡುವ ಸಂಗತಿಗಳ ಪಟ್ಟಿ ಉದ್ದ. ಬಣ್ಣವಿಲ್ಲ, ಕೈಮರ ಸಿಗ್ನಲ್ ಕಾಣದು, ಎಂಜಿನ್ ಪ್ರಯಾಣಿಕ ಗಾಡಿಯ ವೈಪಿಯೋ ಗೂಡ್ಸಿನ ವೈಜಿಯೋ ತಿಳಿಯದು. ಅದಕ್ಕೆ ನೆಲದ ಮೇಲಿನ ಫೋಟೋಗಳೇ ಬೇಕು, ದಿನಾಂಕ ಬರೆದಿರುವಂಥವು. ಭಾರತೀಯ ರೈಲು ಅಭಿಮಾನಿಗಳ ಕೂಟ ಐಆರ್‌ಎಫ್‌ಸಿಎಯ ಸಂಗ್ರಹ ಮೊದಲು ನೋಡಬೇಕಾದ ಜಾಗ. ದಿನಾಂಕವಿಲ್ಲದ ಫೋಟೋಗೆ ಕಾಲ ಹಾಕುವುದು ಎಂಜಿನ್ನಿನಿಂದಲ್ಲ, ಅಕ್ಕಪಕ್ಕದ ವಸ್ತುಗಳಿಂದ. ವೈಪಿ 1949ರ ಆಸುಪಾಸಿನಿಂದ ದಶಕಗಟ್ಟಲೆ ಓಡಿತು, ಅದರಿಂದ ಏನೂ ಸಿದ್ಧವಾಗದು. ಬೋಗಿಯ ಮೇಲೆ ಮೂರನೇ ದರ್ಜೆ ಎಂದಿದ್ದರೆ 1974ಕ್ಕಿಂತ ಹಿಂದಿನದು. ಬಸ್ಸಿನ ಮೇಲೆ ಎಂಎಸ್‌ಆರ್‌ಟಿಸಿ (ಮೈಸೂರು ರಾಜ್ಯ ರಸ್ತೆ ಸಾರಿಗೆ ನಿಗಮ) ಎಂದಿದ್ದರೆ 1961ರಿಂದ 1973ರ ನಡುವೆ. ಆ ವರ್ಷದ ನವೆಂಬರ್ 1ಕ್ಕೆ ರಾಜ್ಯದ ಹೆಸರು ಬದಲಾಗಿ ಕೆಎಸ್‌ಆರ್‌ಟಿಸಿ ಆಯಿತು. ನಿಲ್ದಾಣದ ಹೊರಗೆ ನಿಲ್ಲಿಸುವ ಮೋಟಾರ್ ಸೈಕಲ್ಲು ಮೈಸೂರಿನಲ್ಲೇ ತಯಾರಾದ ಜಾವಾ ಆಗಲಿ; ಯೆಜ್ದಿ ಹೆಸರು 1973ರಿಂದ ಈಚೆಗೆ. ಅಂಗಡಿ ಬೋರ್ಡಿನ ವಿಳಾಸದಲ್ಲಿ ಪಿನ್‌ಕೋಡ್ ಬರೆದರೆ 1972ರ ಆಗಸ್ಟ್ 15 ದಾಟಿದಿರಿ. ಮಾರುತಿ 800 ಬಂದರೆ 1983ರ ಡಿಸೆಂಬರ್, ‘ಕೆಎ’ ನಂಬರ್ ಪ್ಲೇಟು 1989ರ ಜುಲೈಗಿಂತ ಮೊದಲು ಇಲ್ಲವೇ ಇಲ್ಲ. ಸಿದ್ಧ ಸಿಗುವ ಚಿಕ್ಕ ಕಾರುಗಳಲ್ಲಿ ಕೆಎ ಪ್ಲೇಟು ಅಂಟಿಸಿರುವುದನ್ನು ಉಗುರಿನಿಂದ ಕೆರೆದು ತೆಗೆಯಿರಿ.

ಚಿತ್ರದಿಂದ ಹಲಗೆಗೆ ಇಳಿಸುವಾಗ ಗೇಜಿನ ತಕರಾರು ಒಂದಿದೆ. ಮೀಟರ್‌ಗೇಜ್ ಎಚ್‌ಓದಲ್ಲಿ 11.5 ಮಿಲಿಮೀಟರ್, ಮಾರುಕಟ್ಟೆಯಲ್ಲಿ ಸಿಗುವುದು 12 ಮಿಲಿಮೀಟರಿನ ಎಚ್‌ಓಎಂ ಹಳಿ. ಅರ್ಧ ಮಿಲಿಮೀಟರ್ ಯಾರಿಗೂ ಕಾಣದು. ಕಾಣುವುದು ಸ್ಲೀಪರು, ಅಂದರೆ ಹಳಿಯ ಕೆಳಗಿನ ಅಡ್ಡಪಟ್ಟಿ: ಆ ಹಳಿಗಳಲ್ಲಿರುವುದು ಯುರೋಪಿನ ಮರದ ಅಥವಾ ಉಕ್ಕಿನ ಸ್ಲೀಪರಿನ ನಕಲು, ನಮ್ಮಲ್ಲಿ ಸಿಎಸ್‌ಟಿ-9 ಎಂಬ ಎರಕದ ಕಬ್ಬಿಣದ ತಟ್ಟೆಗಳೂ ಇದ್ದವು, ಎರಡು ತಟ್ಟೆಯ ನಡುವೆ ಒಂದು ಪಟ್ಟಿ ಮಾತ್ರ. ಯಾರ್ಡಿನೊಳಗೆ ಸ್ಲೀಪರಿನ ತಲೆ ಮುಚ್ಚುವಷ್ಟು ಸಣ್ಣ ಜಲ್ಲಿ, ಬೂದಿ, ಕೆಂಪು ಮಣ್ಣು ತುಂಬಿಬಿಟ್ಟರೆ ತಕರಾರು ಮುಗಿಯಿತು; ಮೇನ್ ಲೈನಿನಲ್ಲಿ ಮಾತ್ರ ಪ್ಲಾಸ್ಟಿಕ್ ಸ್ಲೀಪರಿನ ನಡುಭಾಗವನ್ನು ಒಂದು ಬಿಟ್ಟು ಒಂದು ಕತ್ತರಿಸಿ. ಪ್ರತಿಯೊಂದನ್ನೂ ಕತ್ತರಿಸಿದರೆ ಗೇಜು ಬಿಟ್ಟುಕೊಂಡು ಎಂಜಿನ್ ಕೆಳಗಿಳಿಯುತ್ತದೆ.

ಯಾರಿಗೆ ಬೇಡ ಈ ಸೇವೆ? ಕಾಲ್ಪನಿಕ ನಿಲ್ದಾಣ ಕಟ್ಟುವವರಿಗೆ ಬೇಡ. 1972ರ ನಂತರದ ಕಾಲ ಆರಿಸಿದವರು ಸೀದಾ ಡಿಕ್ಲಾಸ್ 3ಕ್ಕೆ ಹೋಗಲಿ. ಕ್ಯೂಜಿಐಎಸ್ ಕಲಿಯಲು ಎರಡು ಭಾನುವಾರ ಬಿಡುವಿಲ್ಲದವರು 30 ಡಾಲರನ್ನು ಪಾಯಿಂಟ್ಸ್‌ಗೆ ಹಾಕಿದರೆ ಒಳ್ಳೆಯದು. ಉಳಿದವರು ಉಚಿತ ಚಿತ್ರದಿಂದಲೇ ಶುರುಮಾಡಿ, ಜೋಡಣೆ ನಾಲ್ಕು ಮೀಟರಿನೊಳಗೆ ಕೂರುವುದು ಅಭ್ಯಾಸವಾದ ಮೇಲೆ ಬೇಸಿಗೆಯ ಒಂದು ಕೆಎಚ್-4ಬಿ ಚಿತ್ರಕ್ಕೆ ಹಣ ಕಟ್ಟಿ. ಟ್ರೇಸ್ ಮಾಡಿದ ಹಾಳೆಯನ್ನು 1:870ಕ್ಕೆ ಮುದ್ರಿಸಿಕೊಳ್ಳಿ, ಎಚ್‌ಓದ ಹತ್ತನೇ ಒಂದು ಭಾಗ: 700 ಮೀಟರ್ ಯಾರ್ಡು 80 ಸೆಂಟಿಮೀಟರ್ ಕಾಗದದಲ್ಲಿ ಕೂರುತ್ತದೆ, ಎಲ್ಲಿ ಕತ್ತರಿಸಿ ಕುಗ್ಗಿಸಬೇಕೆಂದು ಪೆನ್ಸಿಲ್ ಹಿಡಿದು ನಿರ್ಧರಿಸಬಹುದು. ಕುಗ್ಗಿಸುವಾಗ ಲೂಪಿನ ನೇರ ಭಾಗದಲ್ಲಿ ಕತ್ತರಿ ಆಡಿಸಿ, ಕೋಟೆಗೋಡೆಯ ಸೀಳಿನಿಂದ ಸೇತುವೆಯ ಮೊದಲ ಕಂಬದವರೆಗಿನ ದೂರವನ್ನು ಮಾತ್ರ ಇದ್ದಂತೆಯೇ ಬಿಡಿ.